ದೊಡ್ಡ ಕಾರಿನಲ್ಲಿ ಎಟುಕದ ಚಕ್ಕುಲಿ

ಸೀಬ್, ೧೫ ನವೆಂಬರ್ ೨೦೨೫, ಶನಿವಾರ

ಸಂಜೆಯೆಲ್ಲ ಸುಮ್ಮನೆ ಸಿಟ್ಟು ಮಾಡಿಕೊಂಡೆ, ಅದೂ ಒಂದು ಕಾರಿನ ಮೇಲೆ.

ನಮ್ಮ ಪುಟ್ಟ ಕಾರಿನ ಏಸಿ ಮತ್ತೆ ಕೈಕೊಟ್ಟಿತೆಂದು, ಇಲ್ಲಿ ಗಲ್ಫಿಗೆ ಅಮೆರಿಕದಿಂದ ಹಳೆಯ ಕಾರು ತರಿಸಿ ಮಾರುವವನ ಹತ್ತಿರ ಹೋಗಿದ್ದೆವು. ಅಂಥದ್ದೇ ಸಣ್ಣದು ಬೇಕೆಂದರೆ ನಕ್ಕುಬಿಟ್ಟ. "ಛೋಟಾ ಗಾಡಿ ಖಲಾಸ್, ಭಾಭಿ!" ಅಲ್ಲಿಯೇ ಕಂಪನಿಗಳು ಸಣ್ಣ ಕಾರು ಮಾಡುವುದನ್ನು ಬಿಡುತ್ತಿವೆಯಂತೆ, ಇಲ್ಲಿಗೆ ಎಲ್ಲಿಂದ ಬರಬೇಕು? ಬಸ್ಸಿನಷ್ಟು ಎತ್ತರದ್ದೊಂದನ್ನು ಕೊಟ್ಟು, ಒಂದು ಸುತ್ತು ಓಡಿಸಿ ನೋಡಿ ಅಂದ.

ಇವರು ಓಡಿಸುವಾಗ ಚಕ್ಕುಲಿ ಮುರಿದು ಇವರ ಬಾಯಿಗಿಡುವುದು ನನ್ನ ಅಭ್ಯಾಸ. ಇವತ್ತೂ ಕೈ ಚಾಚಿದೆ, ಎಟುಕಲಿಲ್ಲ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ! ಇವರೋ, "ಎಷ್ಟ್ ಆರಾಮ ಐತಿ ನೋಡು, ಉಜ್ವಲಾ" ಅಂದರು. ಉರಿದುಹೋಯಿತು. ಡಬ್ಬಿಯಲ್ಲಿದ್ದಷ್ಟನ್ನೂ ನಾನೇ ತಿಂದು ಮುಗಿಸಿದೆ.

ವಾಪಸು ನಮ್ಮದೇ ಕಾರಿನಲ್ಲಿ, ಕಿಟಕಿ ಇಳಿಸಿಕೊಂಡು ಬಂದೆವು. ರಸ್ತೆಯಿಂದ ಕಣ್ಣು ತೆಗೆಯದೆ ಇವರು ನನ್ನ ಕಡೆ ವಾಲಿ ಬಾಯಿ ತೆರೆದರು.

"ಖಾಲಿ," ಅಂದೆ.

"ಎಲ್ಲಾ ನೀನ ತಿಂದಿ? ಆ ಗಾಡ್ಯಾಗ ಒಂದ್ ಚೂರರ ನನ್ನ ಬಾಯಿಗೆ ಬಂದಿದ್ರ, ಅದನ್ನ ತಗೊಂಡ ಬಿಡ್ತಿದ್ದೆ."

ಏಸಿ ರಿಪೇರಿಯಂತೆ, ನಾಳೆ. ಚಕ್ಕುಲಿ ಹಿಟ್ಟು ಉಳಿದಿದೆಯೋ ಇಲ್ಲವೋ, ಎದ್ದು ನೋಡಬೇಕು.