ಅತಿಮಧುರದ ಡಬ್ಬಿ ಮುಟ್ಟಬೇಡಿ

ಮಾವ,

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗ ಮಾತಾಡುತ್ತಿದ್ದಾರೆ. ನೀವು ವಾಕಿಂಗಿಗೆ ಹೋದಮೇಲೆ, ಕೆಲಸಕ್ಕೆ ಹೊರಟವರು ಕಾಲು ಸೋತು ಮೆಟ್ಟಿಲಲ್ಲೇ ಕುಸಿದರು. ಆಸ್ಪತ್ರೆಗೆ ಸೇರಿಸಿ ಬಟ್ಟೆಗೆಂದು ಬಂದೆ. ನಿಮ್ಮ ಫೋನು ಎಂದಿನಂತೆ ಫ್ರಿಜ್ ಮೇಲೇ ಇದೆ. ಏನು ಹೇಳಲಿ ನಿಮಗೆ!

ಅತಿಮಧುರದ ಡಬ್ಬಿ ಮುಟ್ಟಬೇಡಿ. ಹಾಲಿಗೂ ಹಾಕಿಕೊಳ್ಳಬೇಡಿ. ಅವರ ಬಿಪಿ ಏರಿಸಿದ್ದು, ಪಾದ ಊದಿಸಿದ್ದು, ಇವತ್ತು ಕಾಲಿನ ಶಕ್ತಿ ಕಸಿದಿದ್ದು ಎಲ್ಲಾ ಅದೇ ಅಂತೆ. ಮಗ ಸಿಗರೇಟು ಬಿಟ್ಟು ಇದನ್ನು ಅಗಿಯಲಿ ಅಂತ ನೀವು ಹಿತ್ತಲಲ್ಲಿ ನೆಟ್ಟು, ಮೂರು ವರ್ಷ ಕಾದು ಅಗೆದ ಬೇರು! "ಸಾವಿರಾರು ವರ್ಷದಿಂದ ಜನ ಗಂಟಲಿಗೆ ತಿಂತಿದ್ದಾರೆ ಕಣಮ್ಮ" ಅಂದಿರಿ. ತಿಂದಿರಬಹುದು, ಚಿಟಿಕೆಯಷ್ಟು. ನಾನು ದಿನಾ ಎಂಟು ಕಡ್ಡಿ ಕತ್ತರಿಸಿ ಅವರ ಜೇಬಿಗೆ ತುರುಕುತ್ತಿದ್ದೆ.

ಬಿಪಿ ಏರಿದಾಗ ಕದ್ದು ಸೇದುತ್ತಿದ್ದಾರೆಂದು ನಾವಿಬ್ಬರೂ ಸೇರಿ ಜಾಡಿಸಿದೆವಲ್ಲ? ದಿನಾ ಅಂಗಿ ಮೂಸಿದ್ದೇನೆ ಮಾವ. ಬೇರಿನ ಸಿಹಿ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ನಂಬದೆ ಇನ್ನೂ ನಾಲ್ಕು ಕಡ್ಡಿ ಹೆಚ್ಚಿಗೆ ಇಟ್ಟೆ.

ತಿಂಡಿ ತಿಂದು, ನಿಮ್ಮ ಮಾತ್ರೆ ನುಂಗಿ ಬನ್ನಿ. ನಿಮ್ಮ ಬಿಪಿಯನ್ನೂ ನೋಡಬೇಕಂತೆ. ಸಿಟ್ಟಿನಲ್ಲಿ ಗಿಡ ಕೀಳಲು ಹೋಗಬೇಡಿ; ಒಂದು ಚೂರು ಬೇರು ಉಳಿದರೂ ಮತ್ತೆ ಚಿಗುರುತ್ತದೆ ಎಂದವರು ನೀವೇ. ಆಮೇಲೆ ಇಬ್ಬರೂ ಸೇರಿ ಅಗೆಯೋಣ.

ಜೇಬಿನಿಂದ ಉದುರಿದ ಕಡ್ಡಿ ನೋಡಿ ಡಾಕ್ಟರು, "ಇದನ್ನ ದಿನಾ ಎಷ್ಟು ಅಗೀತೀರಿ?" ಅಂತ ಕೇಳಿದರು. ನಿಮ್ಮ ಮಗ ನನ್ನ ಕಡೆ ನೋಡಿ, ಬಹುಮಾನ ಗೆದ್ದವರ ಹಾಗೆ ಹೇಳಿದರು:

"ಇವಳು ಕೊಟ್ಟಿದ್ರಲ್ಲಿ ಒಂದನ್ನೂ ಬಿಟ್ಟಿಲ್ಲ, ಡಾಕ್ಟ್ರೇ."