ಪೂಜೆಗೆಂದು ನಿಲ್ಲಿಸಿದ ಮೋಟರು

೨೧೯೧, ಅಕ್ಟೋಬರ್ ೩೭
ವೇದಾವತಿ ದಂಡೆಯ ಮರುನೀರು ಮನೆ

ನಮಗಿಂತ ಮೊದಲು ಬದುಕುತ್ತಿರುವವರೇ,

ತಾರೀಖು ನೋಡಿ ನಗಬೇಡಿ, ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ. ಮಾತುಗಳೂ ಬೇರೆಯಾಗಿವೆ; ತೊಡರಿದರೆ ಕ್ಷಮಿಸಿ. ಮರುನೀರು ಅಂದರೆ ಊರು ಬಳಸಿ ಬಿಟ್ಟ ಕೊಳೆನೀರನ್ನು ತೊಳೆದು ಮತ್ತೆ ಕುಡಿಯುವುದು. ಬಿಸಿಲುಗಟ್ಟು ಅಂದರೆ ನಡುಹಗಲು ಯಾರೂ ಹೊರಗೆ ಕಾಲಿಡದ ಹೊತ್ತು. ಆಗಷ್ಟೇ ಪಂಪುಗಳು ಓಡುತ್ತವೆ. ಮುಂಜಾನೆ, ಪಂಪು ನಿಂತಿರುವಾಗ, ಕೊಳೆಬಾವಿಗೆ ಇಳಿದು ಪಂಪಿನ ಬಾಯಿಗೆ ಸಿಕ್ಕಿದ ಚಿಂದಿ ಕೀಳಬೇಕು. ಯಾರು ಇಳಿಯುತ್ತಾರೆಂದು ಕೇಳುತ್ತೀರಾ? ಈಗಲೂ ನಮ್ಮ ಕೇರಿಯವರೇ. ಚಂದ್ರನ ಮೇಲೆ ಊರು ಕಟ್ಟಿದವರಿಗೆ ಈ ಒಂದು ಬಾವಿ ದಾಟಲಾಗಲಿಲ್ಲ.

ನಮ್ಮ ಪಂಪಿಗೆ ನಿಮ್ಮ ಕಾಲದ ಮಾದರಿಯ ಡ್ರೈವನ್ನೇ ಕೊಟ್ಟಿದ್ದಾರೆ, ಮೋಟರಿನ ವೇಗವನ್ನು ಹಿಡಿತದಲ್ಲಿಡುವ ಪೆಟ್ಟಿಗೆ. ತನ್ನೊಳಗಿನ ಗಡಿಯಾರ ನೋಡಿಕೊಂಡು ಅದು ಬಿಸಿಲುಗಟ್ಟಿಗೆ ತಾನೇ ಪಂಪು ಓಡಿಸುತ್ತದೆ. ಕರೆಂಟು ಇಲ್ಲದಾಗ ಗಡಿಯಾರವನ್ನು ಉಳಿಸುವುದು ಅಂಗಿಯ ಗುಂಡಿಯಷ್ಟಿರುವ ಒಂದು ಸೆಲ್ಲು. ಸೆಲ್ಲು ಸೋತಿದೆ ಎಂದು ಪೆಟ್ಟಿಗೆಯ ಪರದೆ ಎಷ್ಟೋ ದಿನದಿಂದ ಹೇಳುತ್ತಿತ್ತು. ಮೇಲ್ವಿಚಾರಕ ನಂಜರಾಜ "ಮೋಟ್ರು ಓಡ್ತೈತಲ್ಲ, ಒತ್ತಿ ಆರ್ಸ್ರಿ" ಎನ್ನುತ್ತಿದ್ದ. ಕರೆಂಟು ಹೋಗುವ ಮನೆಯಲ್ಲ ನಮ್ಮದು. ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮಾತ್ರ ನಾವೇ ತೆಗೆಯುತ್ತೇವೆ. ಈ ಸಲವೂ ತೆಗೆದೆವು. ಪೆಟ್ಟಿಗೆಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಕತ್ತಲಾಗುವಾಗ ಮತ್ತೆ ಕರೆಂಟು ಕೊಟ್ಟೆವು. ನೆನಪು ಕಳೆದುಕೊಂಡಿದ್ದ ಗಡಿಯಾರ ಆ ಹೊತ್ತನ್ನೇ ನಡುರಾತ್ರಿಯೆಂದು ಎಣಿಸತೊಡಗಿತು. ಮರುದಿನದ ಮುಂಜಾನೆ ಅದಕ್ಕೆ ನಡುಹಗಲು.

ನನ್ನ ಮಗಳು ದ್ಯಾವಿ ಇಳಿದಳು. "ಅವ್ವಾ, ಮೇಲೆ ಬಂದ್ರೆ ಪಕ್ಕದಾಗೆ ಕುಂತು ಉಣ್ತೀಯೋ, ಮೂಗು ಮುಚ್ಕಂತೀಯೋ?" ಎಂದಳು. "ಮೊದ್ಲು ಬಾರೇ ಮೂದೇವಿ" ಎಂದೆ. ಪಂಪು ಓಡಿತು. ಮೇನ್ ಸ್ವಿಚ್ಚಿನ ಕೋಣೆಗೆ ಓಡಿದೆ. ಬೀಗ. ಕೀಲಿ ನಂಜರಾಜನ ಸೊಂಟದಲ್ಲಿ, ನಂಜರಾಜ ಅವನ ಮನೆಯಲ್ಲಿ.

ಗಡಿಯಾರದ ದೋಷ ಎಂದು ತೀರ್ಪಾಯಿತು. ಒಂದು ಸೆಲ್ಲನ್ನು ಕೊಲೆಗಾರನನ್ನಾಗಿ ಮಾಡಿ ಮನುಷ್ಯರೆಲ್ಲ ಕೈತೊಳೆದುಕೊಂಡರು. ಅವಳ ಕೈಬಳೆಯನ್ನೂ ನನಗೆ ಕೊಡಲಿಲ್ಲ, ಅದು ಸಾಕ್ಷ್ಯವಂತೆ.

ನಿಮ್ಮಲ್ಲೂ ಆ ಪೆಟ್ಟಿಗೆಗಳಿವೆ. ಎಚ್ಚರಿಕೆಯನ್ನು ಒತ್ತಿ ಆರಿಸಬೇಡಿ. ಸೆಲ್ಲು ಬದಲಿಸಿ, ಹೊತ್ತು ತಿದ್ದಿ. ಹಾಗೆಂದು ಜೀವವನ್ನು ಗಡಿಯಾರಕ್ಕೆ ಒಪ್ಪಿಸಲೂಬೇಡಿ. ಯಾರಾದರೂ ಇಳಿಯುವ ಮೊದಲು ಮೇನ್ ಸ್ವಿಚ್ಚು ಆರಿಸಿ ಬೀಗ ಹಾಕಿ, ಕೀಲಿ ಇಳಿಯುವವರ ಬಳಿಯೇ ಇರಲಿ. ಇಷ್ಟೂ ಸಾಲದು. ಬಾವಿಗೆ ಮನುಷ್ಯರನ್ನು ಇಳಿಸುವುದನ್ನು ನಿಮ್ಮ ಕಾಲದಲ್ಲೇ ನಿಲ್ಲಿಸಿ. ಬೇಡುತ್ತಿಲ್ಲ, ಕೇಳುತ್ತಿದ್ದೇನೆ.

ದ್ಯಾವಿಯ ಜಾಗಕ್ಕೆ ಅವಳ ತಂಗಿಯನ್ನು ಅನುಕಂಪದ ಮೇಲೆ ಕರೆದಿದ್ದಾರೆ. ನಾಳೆ ಮುಂಜಾನೆ ಇಳಿಯಬೇಕಂತೆ. ನಾನು ಬಾವಿಯ ಬಾಯಿಗೆ ಅಡ್ಡ ಮಲಗುತ್ತೇನೆ.

ಚೌಡಕ್ಕ