ಸಬೀನಾಳ ಗಣಿತ ಕಿತ್ತುಕೊಂಡವರು ನಾವಿಬ್ಬರು

ಪದವಿಪೂರ್ವ ಶಿಕ್ಷಣ ಇಲಾಖೆಯ ವೃತ್ತಿ ಮಾರ್ಗದರ್ಶಿ ಕೈಪಿಡಿಗೆ ವರ್ಷವರ್ಷವೂ ಸಹಿ ಹಾಕುವ ಮಾನ್ಯರೇ,

ತಮ್ಮ ಕೈಪಿಡಿಯ ಒಂದು ಸಾಲನ್ನು ನಂಬಿ ನಾನು ಒಬ್ಬ ಹುಡುಗಿಯ ದಾರಿ ಮುಚ್ಚಿದ್ದೇನೆ. 'ಸೇನಾಧಿಕಾರಿಯಾಗಲು ಪಿಯುಸಿಯಲ್ಲಿ ಯಾವ ವಿಭಾಗವಾದರೂ ಸಾಕು' ಎಂಬುದು ಆ ಸಾಲು. ಭೂಸೇನೆಯ ಮಟ್ಟಿಗೆ ಅದು ಸರಿ. ವಿಮಾನ ಹಾರಿಸಬೇಕೆಂದರೆ ಭೌತವಿಜ್ಞಾನ, ಗಣಿತ ಎರಡೂ ಬೇಕು. ಇಷ್ಟನ್ನು ಬರೆಯಲು ಜಾಗ ಸಾಲಲಿಲ್ಲವೇ? ತಮ್ಮ ಭಾವಚಿತ್ರಕ್ಕೆ ಮಾತ್ರ ಅರ್ಧ ಪುಟ ಸಿಕ್ಕಿದೆ.

ನಾನು ಗದಗಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಪ್ರವೇಶ ಶುರುವಾಯಿತೆಂದರೆ ಅರ್ಜಿ ಮೇಜಿಗೆ ನನ್ನನ್ನೇ ಕೂರಿಸುತ್ತಾರೆ. ನಮ್ಮ ಕಡೆ ಒಂದು ರೂಢಿಯಿದೆ. ಶಿರಹಟ್ಟಿಯಿಂದ, ಮುಂಡರಗಿಯಿಂದ ಬಂದ ತಂದೆತಾಯಿಗಳು ಖಾಲಿ ಅರ್ಜಿಯನ್ನು ಮಾಸ್ತರರ ಮುಂದಿಟ್ಟು ಕೈಕಟ್ಟಿ ನಿಲ್ಲುತ್ತಾರೆ. ಮಾಸ್ತರರು ಬರೆದದ್ದೇ ಮಕ್ಕಳ ಹಣೆಬರಹ. ಎರಡು ವರ್ಷದ ಹಿಂದೆ ಬೆಟಗೇರಿಯ ನೇಕಾರ ಮಲಂಗಸಾಬರು ಮಗ್ಗ ನಿಲ್ಲಿಸಿ, ಮಗಳು ಸಬೀನಾಳನ್ನು ಕರೆತಂದಿದ್ದರು.

"ಮಿಲಿಟ್ರಿ ಆಫೀಸರ್ ಆಗ್ತೀನಿ ಅಂತಾಳ್ರಿ ಸರ. ನಮಗೇನ್ ತಿಳಿತೈತಿ? ನೀವ ಬರದುಬಿಡ್ರಿ."

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಪೈಕಿ ನಾನು. ಕೈಪಿಡಿ ನೋಡಿದೆ, ಕಲಾ ವಿಭಾಗ ಎಂದು ಬರೆದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅವಳಿಗೆ ತೊಂಬತ್ತೆಂಟು ಬಂದಿತ್ತು. ಯಾವ ಸೇನೆಯಮ್ಮ ಎಂದು ಒಂದು ಮಾತು ಕೇಳಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಳು. ಸರದಿ ಉದ್ದವಿತ್ತು, ನಾನು ಮುಂದಿನವರನ್ನು ಕರೆದೆ.

ಆ ತೆರೆದ ಬಾಯಿ ನನ್ನನ್ನು ಬಿಡುತ್ತಿಲ್ಲ ಮಾನ್ಯರೇ. ಹಾಜರಿ ಕರೆಯುವಾಗ, ಊಟಕ್ಕೆ ಕೂತಾಗ, ಬಸ್ಸಿನಲ್ಲಿ ಯಾರೋ ಹುಡುಗಿ ಟಿಕೆಟ್ ಕೇಳಿದಾಗ ಅದೇ ಮುಖ ಎದುರಿಗೆ ಬಂದು ನಿಲ್ಲುತ್ತದೆ. ನನಗೆ ಭಯವಾಗುತ್ತದೆ. ಎರಡನೇ ವರ್ಷ ಸೇನಾ ಪರೀಕ್ಷೆಗೆ ಅರ್ಜಿ ಹಾಕುವಾಗಲೇ ಅವಳಿಗೆ ವಾಯುಸೇನೆಯ ಬಾಗಿಲು ಮುಚ್ಚಿದ್ದು ಗೊತ್ತಾಗಿದ್ದು. ನನ್ನ ಬಳಿ ಬಂದಳು. ಬೈಯಲಿಲ್ಲ, ಅಳಲಿಲ್ಲ.

"ಅವತ್ತ ವಿಮಾನ ಅಂತ ಹೇಳಬೇಕಂತಿದ್ನಿರಿ ಸರ. ನೀವ ಬರದೀರಿ ಅಂದಮ್ಯಾಲ ಖರೆ ಇರತೈತಿ ಅಂತ ಸುಮ್ನಾದ್ನಿರಿ."

ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಭೂಸೇನೆಗೇ ಸೇರಲಿ ಬಿಡ್ರಿ, ಅದೂ ಮಿಲಿಟ್ರೀನ ಅಲ್ಲೇನು?" ಎಂದು, ಈ ತಪ್ಪನ್ನು ತಿಳಿಸಲು ಫೋನ್ ಮಾಡಿದಾಗ ತಮ್ಮ ಕಚೇರಿಯವರು ನನಗೇ ಬುದ್ಧಿ ಹೇಳಿದರು. ಎಂಥ ಔದಾರ್ಯ! ತಪ್ಪು ಬರೆದವರು ನಾವು, ಆಸೆ ಬದಲಿಸಿಕೊಳ್ಳಬೇಕಾದವಳು ಅವಳೇ? ತಮ್ಮ ಮಗಳಾಗಿದ್ದರೆ ಇದೇ ಮಾತು ಹೇಳುತ್ತಿದ್ದಿರಾ?

ಅವಳಿಗೆ ಈಗ ಹದಿನೆಂಟು. ಮತ್ತೆ ಮೊದಲಿನಿಂದ ವಿಜ್ಞಾನ ಓದಿದರೆ ಪಿಯುಸಿಗೆ ಎರಡು ವರ್ಷ, ಪದವಿಗೆ ಮೂರು. ಪಿಯುಸಿ ಮುಗಿದೊಡನೆ ಸೇರುವ ವಯಸ್ಸು ಅಷ್ಟರಲ್ಲಿ ದಾಟಿರುತ್ತದೆ; ಪದವಿ ಮುಗಿಸಿ ವಾಯುಸೇನೆಯ ಪೈಲಟ್ ತರಬೇತಿಗೆ ಸೇರಲು ಇಪ್ಪತ್ನಾಲ್ಕು ದಾಟಬಾರದು. ಈ ವರ್ಷವೇ ಸೇರಿದರೆ ಉಂಟು, ಮುಂದಿನ ವರ್ಷವೆಂದರೆ ಇಲ್ಲ. ಪಿಯುಸಿ ಪಾಸಾದವಳನ್ನು ಮತ್ತೆ ಮೊದಲ ವರ್ಷಕ್ಕೆ ಸೇರಿಸಿಕೊಳ್ಳಲು ತಮ್ಮ ವಿಶೇಷ ಅನುಮತಿ ಬೇಕಂತೆ. ಅವಳ ಅರ್ಜಿ ಇಪ್ಪತ್ತಾರು ದಿನದಿಂದ ತಮ್ಮ ಮೇಜಿನ ಮೇಲಿದೆ. ಶನಿವಾರ ಪ್ರವೇಶ ಮುಗಿಯುತ್ತದೆ.

ಕೈಪಿಡಿಯನ್ನು ಆಮೇಲೆ ತಿದ್ದಿಕೊಳ್ಳಿ. ಮೊದಲು ಅನುಮತಿ ಕೊಡಿ. ಕೊಡುವುದಿಲ್ಲವೆಂದಾದರೆ ತಾವೇ ಬೆಟಗೇರಿಗೆ ಬಂದು ಅವಳ ಮುಖ ನೋಡಿ 'ಇಲ್ಲ' ಎಂದು ಹೇಳಿ. ನನ್ನಿಂದ ಇನ್ನೊಂದು ಸಲ ಆಗದು.

ಇಂತಿ,
ತಪ್ಪಿನಲ್ಲಿ ತಮ್ಮ ಸಮಪಾಲುದಾರ,
ಅಂದಪ್ಪ
ಇತಿಹಾಸ ಉಪನ್ಯಾಸಕ, ಗದಗ